ಗುಳ್ಳವ್ವನ ಹಸಿಮಣ್ಣು

ನಮ್ಮ ಮನೆಯ ಹಿತ್ತಲ ಬಾಗಿಲು ತೆರೆದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಒಡ್ಡು. ಮೂರಾಳೆತ್ತರದ ಮಣ್ಣಿನ ದಿಬ್ಬ. ಮೈತುಂಬ ಒಣಹುಲ್ಲು, ನಡುನಡುವೆ ಅಜ್ಜ ಕಿತ್ತಷ್ಟೂ ಮತ್ತೆ ಏಳುವ ಜಾಲಿಯ ಸಸಿಗಳು. ಶಿರಹಟ್ಟಿಯಿಂದ ಮುಂಡರಗಿಯ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮೂರು. ಕಪ್ಪತಗುಡ್ಡದಿಂದ ಇಳಿಯುವ ಹಳ್ಳ ಊರು ಮುಟ್ಟುವ ಮೊದಲು ಆ ಒಡ್ಡಿಗೆ ಬಂದು ತಲೆ ಹೊಡೆದುಕೊಳ್ಳುತ್ತಿತ್ತು. ಒಡ್ಡಿನ ಕೆಳಗೆ ಮೊದಲ ಮನೆ ನಮ್ಮದು. ಊರಿಗೆಲ್ಲ ಬಿಸಿಲು ಬಿದ್ದ ಎಷ್ಟೋ ಹೊತ್ತಿನ ಮೇಲೆ ನಮ್ಮ ಹಿತ್ತಲಿಗೆ ಬೀಳುತ್ತಿತ್ತು. ತೊಳೆದ ಅರಿವೆ ಒಣಗದೆ ಬೇಸತ್ತ ಅವ್ವ ದಿನಾ ಅದನ್ನೇ ಅನ್ನುವಳು:

"ನಮ್ಮ ಮನಿಗೆ ಸೂರ್ಯಾನೂ ಒಡ್ಡು ಹತ್ತಿ ಇಳದ ಬರಬೇಕ ನೋಡ್ರಿ."

ಈ ಒಡ್ಡು ಕೆರೆಯಲ್ಲ. ಈ ಮಾತು ಹೇಳಿ ಹೇಳಿ ಅಜ್ಜನ ಗಂಟಲು ಒಣಗಿತು, ಈಗ ನನ್ನದು ಒಣಗುತ್ತಿದೆ. ಗುಡ್ಡದ ಮೇಲೆ ಜೋರು ಮಳೆಯಾದರೆ ಹಳ್ಳ ಒಂದೇ ತಾಸಿನಲ್ಲಿ ಏರಿ ಬರುತ್ತದೆ. ಹಾಗೆ ಬಂದ ನೀರನ್ನು ಒಡ್ಡು ಎದೆಗೊಟ್ಟು ತಡೆದು, ಬುಡದಲ್ಲಿರುವ ಕಲ್ಲಿನ ತೂಬಿನಿಂದ ನಾಲ್ಕಾರು ದಿನ ಸಣ್ಣಗೆ ಬಿಟ್ಟುಕೊಡಬೇಕು. ಅಷ್ಟೇ ಅದರ ಕೆಲಸ. ಅದಕ್ಕೇ ಆ ತೂಬಿಗೆ ಬಾಗಿಲು ಇಟ್ಟಿರಲಿಲ್ಲ. ಅದು ಸದಾ ಬಾಯಿ ತೆರೆದುಕೊಂಡೇ ಇರುತ್ತಿತ್ತು; ವರ್ಷದ ಬಹುಪಾಲು ದಿನ ಒಡ್ಡಿನ ಹಿಂದೆ ಕುರಿ ಮೇಯುತ್ತಿದ್ದವು. ಆದರೆ ನಮ್ಮದು ಮೋಡ ನೋಡಿ ಬಾಳುವ ನೆಲ. ಕಣ್ಣೆದುರಿಗೆ ನೀರು ಹರಿದುಹೋಗುವುದು ನಮ್ಮವರಿಗೆ, ಉಣ್ಣುತ್ತ ಕುಳಿತಾಗ ಯಾರೋ ಬಂದು ಮುಂದಿನ ಗಂಗಾಳ ಎತ್ತಿಕೊಂಡು ಹೋದಂತೆ. ಆ ಸಂಕಟ ನನಗೂ ಗೊತ್ತು. ಅದಕ್ಕೇ ಯಾರ ಮೇಲೂ ಪೂರ್ತಿ ಸಿಟ್ಟು ಮಾಡಲಿಕ್ಕೂ ಆಗುವುದಿಲ್ಲ. ಇದೊಂದು ದೊಡ್ಡ ಪೀಡೆ.

ಒಡ್ಡು ಕಟ್ಟುವಾಗ ಅಜ್ಜ ಅಲ್ಲಿ ಮಣ್ಣು ಹೊತ್ತಿದ್ದ, ನೀರು ಚಿಮುಕಿಸಿ ದಿಮ್ಮಸು ಹೊಡೆದಿದ್ದ. ಅದಕ್ಕೂ ಮೊದಲಿನ ಒಂದು ಮಳೆಗಾಲದಲ್ಲಿ ಹಳ್ಳ ಅವನ ಹಳೆಯ ಮನೆಯನ್ನೂ ಒಂಬತ್ತು ವರ್ಷದ ತಂಗಿಯನ್ನೂ ಒಟ್ಟಿಗೆ ಒಯ್ದಿತ್ತು. ತಂಗಿಯ ಹೆಸರು ನೀಲವ್ವ. ನನಗೆ ಅದೇ ಹೆಸರು. ಒಡ್ಡು ಆದ ಮೇಲೆ ಅದರ ಮೇಲಿನ ಭರವಸೆಯಿಂದಲೇ ಅಜ್ಜ ಅದರ ಬುಡದಲ್ಲಿ ಈ ಮನೆ ಕಟ್ಟಿಸಿದ್ದ. ಮುಂದೆ ಎತ್ತಿನ ಗೋದಲಿ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಅಡುಗೆಮನೆ, ಅಡುಗೆಮನೆಯಿಂದಲೇ ಹಿತ್ತಲ ಬಾಗಿಲು. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತರೆ ಅಜ್ಜನಿಗೆ ಮುಂದೆ ಎತ್ತು, ಹಿಂದೆ ಒಡ್ಡು, ಎರಡೂ ಕಾಣಬೇಕು. ಹಾಗೆ ಬಾಗಿಲುಗಳನ್ನು ಒಂದೇ ಸಾಲಿಗೆ ಇಡಿಸಿದ್ದ. ನಾವು ಅಲ್ಲೇ ಸಾಲಾಗಿ ಕುಳಿತು ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಉಣ್ಣುತ್ತಿದ್ದೆವು. ನಾನು ಮಾತು ಕಲಿತದ್ದು ಶಾಲೆಯಲ್ಲಲ್ಲ, ಆ ಕಂಬದ ಬುಡದಲ್ಲಿ. ಒಂದು ತುತ್ತಿಗೆ ಒಂದು ಕಥೆ ಹೇಳುತ್ತಿದ್ದ ಅಜ್ಜ. ಕಥೆ ಎಲ್ಲಿ ಶುರುವಾದರೂ ಕೊನೆಗೆ ಒಡ್ಡಿಗೇ ಬಂದು ನಿಲ್ಲುವುದು.

ಆ ವರ್ಷ ಅಪ್ಪ ಬಾವಿಯ ನೀರು ನಂಬಿ ಉಳ್ಳಾಗಡ್ಡಿ ಹಾಕಬೇಕೆಂದಿದ್ದ. ಬೇಸಿಗೆಯ ಒಂದು ಮಧ್ಯಾಹ್ನ ಊರಿನ ಐದಾರು ಮಂದಿ ನಮ್ಮ ಪಡಸಾಲೆಯಲ್ಲಿ ಸೇರಿದರು. ತೂಬು ಮುಚ್ಚಬೇಕು, ನೀರು ನಿಲ್ಲಿಸಬೇಕು ಎಂಬುದು ಅವರ ಮಾತು. ಮುಚ್ಚಲಿಕ್ಕೆ ಏನು ಹಾಕುವುದು ಎಂದು ಯೋಚಿಸುತ್ತಿದ್ದಾಗ ಅಪ್ಪನೇ ಹೇಳಿದ:

"ನಮ್ಮ ರೋಣಗಲ್ಲು ಐತೆಲ್ಲ. ಸುಗ್ಗಿ ತನಕ ಅದಕ್ಕೇನು ಕೆಲಸ?"

ರೋಣಗಲ್ಲು ಎಂದರೆ ಕಣದಲ್ಲಿ ಜೋಳದ ತೆನೆಯ ಮೇಲೆ ಎತ್ತುಗಳು ಎಳೆದಾಡುವ ಉರುಳುಗಲ್ಲು. ಅದು ತೂಬಿನ ಬಾಯಿಗೆ ಅಳತೆ ತೆಗೆದು ಮಾಡಿಸಿದಂತೆ ಇತ್ತು. ಅಜ್ಜ ಕಂಬ ಬಿಟ್ಟು ಅಪ್ಪನ ಮುಂದೆ ಬಂದ.

"ಮಲ್ಲ್ಯಾ, ಆ ತೂಬಿಗೆ ಬಾಗಲಾ ಯಾಕ ಇಟ್ಟಿಲ್ಲ ಅಂತ ಒಂದ ಸಲನರ ಇಚಾರ ಮಾಡೀಯೇನು?"

ಪಕ್ಕದ ಮನೆಯ ಗುರುಸಿದ್ದ ಕಾಕಾನಿಗೆ ಇಂಥ ಹೊತ್ತಿನಲ್ಲಿ ನಾಲಗೆ ತಡೆಯುತ್ತಿರಲಿಲ್ಲ.

"ಬಾಗಲಾ ಮಾಡೂ ಕಟಗಿ ಯಾರೋ ಸಾಹೇಬನ ಮನೀ ಮಂಚ ಆಗಿರಬೇಕ್ರಿ ಯಪ್ಪಾ!"

ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ.

"ಮಣ್ಣಿನ ಒಡ್ಡು ನಾಕ ದಿನ ನೀರು ತಡಕೋತೈತಿ. ನಾಕ ತಿಂಗಳ ನಿಂತ್ರ ನೀರು ಅದರ ಹೊಟ್ಟ್ಯಾಗ ದಾರಿ ಮಾಡ್ಕೋತೈತಿ. ಬ್ಯಾಸಗ್ಯಾಗ ಬಿರುಕ ಬಿಟ್ಟಾವ, ಹೆಗ್ಗಣ ತೂತ ಕೊರದಾವ. ಅದು ಕೆರಿ ಅಲ್ರೋ ತಮ್ಮಾ."

"ಯಪ್ಪಾ, ನೀ ಹೊತ್ತ ಮಣ್ಣು ಅದು, ನಿನಗ ಪಿರೂತಿ. ನನಗ ಹೊಟ್ಟಿ ಐತಿ" ಎಂದ ಅಪ್ಪ. ಅಲ್ಲಿಗೆ ಮಾತು ಮುಗಿಯಿತು. ರೋಣಗಲ್ಲನ್ನು ಉರುಳಿಸಿಕೊಂಡು ಹೋಗಿ ನೀರು ನಿಲ್ಲುವ ಕಡೆಯಿಂದ ತೂಬಿನ ಬಾಯಿಗೆ ಕೂರಿಸಿದರು, ಸಂದಿಗೆಲ್ಲ ಎರೆಮಣ್ಣಿನ ಚೀಲ ತುರುಕಿದರು. ಸುಗ್ಗಿಗೆ ಕಲ್ಲು ಬೇಕಲ್ಲ, ಅದಕ್ಕೆ ಕಟ್ಟಿದ ಸರಪಳಿಯನ್ನು ಬಿಚ್ಚದೆ ಒಡ್ಡಿನ ನೆತ್ತಿಯ ತನಕ ಎಳೆದು ಒಂದು ಗೂಟಕ್ಕೆ ಸುತ್ತಿ ಬಂದರು. ಬೇರೆ ಊರಿನವರು ಇಂಥ ಕೆಲಸಕ್ಕೆ ಬೇರೆ ಏನಾದರೂ ಹಾಕಿಯಾರು. ತೆನೆ ತುಳಿಸುವ ಕಲ್ಲಿನಿಂದ ಹಳ್ಳದ ಬಾಯಿ ಮುಚ್ಚುವುದು ನಮ್ಮವರಿಗಷ್ಟೇ ಹೊಳೆಯಬೇಕು.

ಮುಂಗಾರಿನ ಮಿರಗಾ ಮಳೆ ಚೆನ್ನಾಗಿ ಆಯಿತು. ಒಡ್ಡಿನ ಹಿಂದೆ ನೀರು ನಿಂತಿತು, ನಿಂತೇ ಇತ್ತು. ಊರಿನ ಹೆಂಗಸರು ಹೋಗಿ ಗಂಗವ್ವನಿಗೆ ಉಡಿ ತುಂಬಿ ಬಂದರು. ಬಾವಿಯ ನೀರು ಮೇಲಕ್ಕೆ ಏರಿತು. ಅಪ್ಪ ಸಂಜೆ ಬಾವಿಗೆ ಬಗ್ಗಿ ನೋಡಿ ಬಂದು, ಕಂಬಕ್ಕೆ ಒರಗಿದ ಅಜ್ಜನ ಮುಂದೆ ಬೇಕೆಂದೇ ಮೀಸೆ ತಿರುವುವನು. ಅಜ್ಜ ಮಾತ್ರ ಬೆಳಿಗ್ಗೆ ಎದ್ದು ಒಡ್ಡಿನ ಮೇಲೆ ಒಂದು ಸಲ ನಡೆದು ಬಂದೇ ಬಾಯಿ ಮುಕ್ಕಳಿಸುವನು.

ಹೀಗಿರುವಾಗ ಆಷಾಢ ಬಂತು, ಗುಳ್ಳವ್ವನ ಮಂಗಳವಾರಗಳು ಬಂದವು. ಆ ತಿಂಗಳ ಪ್ರತಿ ಮಂಗಳವಾರ ನಮ್ಮ ಕಡೆ ಹುಡುಗಿಯರು ಮಣ್ಣು ತಂದು ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಕುಸುಬಿಕಾಳು ಚುಚ್ಚಿ ಸಿಂಗರಿಸಿ, ಗೋಡೆಯ ಮಾಡದಲ್ಲಿ ಕೂರಿಸಿ ಆರತಿ ಮಾಡುತ್ತೇವೆ. ಮಣ್ಣು ಹುಡುಕುವುದೇ ಅದರಲ್ಲಿ ದೊಡ್ಡ ಪಂಥ. ಆಷಾಢದ ಗಾಳಿಗೆ ಮಣ್ಣೆಲ್ಲ ಒಣಗಿ ಹುಡಿಯಾಗಿರುತ್ತದೆ. ನೀರು ಬೆರೆಸಿ ಕಲಸಿ ಮಾಡಿದ ಗುಳ್ಳವ್ವ ಮರುದಿನವೇ ಮೂಗು ಬಿರಿದು ನಿಲ್ಲುವಳು. ಆ ವರ್ಷ ನನ್ನ ಗುಳ್ಳವ್ವ ಬಿರಿಯಲಿಲ್ಲ. ನಮ್ಮ ಹಿತ್ತಲ ಆಚೆ, ಒಡ್ಡಿನ ಬುಡದಲ್ಲಿ, ಅಜ್ಜ ಕಡಿದುಹಾಕಿದ್ದ ಜಾಲಿಯ ಮೋಟಿನ ಪಕ್ಕದಲ್ಲಿ ಒಂದು ಮೊರದಗಲ ಜಾಗ ನನಗೆ ಸಿಕ್ಕಿತ್ತು. ಇಪ್ಪತ್ತು ದಿನದಿಂದ ಮಳೆಯಿಲ್ಲದಿದ್ದರೂ ಅಲ್ಲಿ ಮಣ್ಣು ಬೆಣ್ಣೆಯ ಹಾಗೆ ಇತ್ತು. ಬೆರಳು ಊರಿದರೆ ತಂಪಾಗಿ ಒಳಗೆ ಎಳೆದುಕೊಳ್ಳುವುದು. ಗೆಳತಿಯರು ಬಂದು ನನ್ನ ಗುಳ್ಳವ್ವನ ಗಲ್ಲ ಮುಟ್ಟಿ ನೋಡಿ, "ಎಲ್ಲಿಂದ ತಂದೀಯ ನೀಲಿ, ನಮಗೂ ತೋರಸ" ಎಂದು ಬೆನ್ನು ಹತ್ತಿದರು. ನಾನು ತೋರಿಸಲಿಲ್ಲ. ಒಣ ಹೆಂಟೆಗಳನ್ನು ಆ ಜಾಗದ ಮೇಲೆ ಮುಚ್ಚಿ ಬರುತ್ತಿದ್ದೆ. ಒಂದು ಮಂಗಳವಾರ, ಎರಡು ಮಂಗಳವಾರ. ಎರಡನೆಯ ಸಲ ಹೆಂಟೆಗಳೂ ತೊಯ್ದಿದ್ದವು. ನನಗೆ ಅದು ಗುಳ್ಳವ್ವನೇ ಒಲಿದು ಕೊಟ್ಟ ಕಾಣಿಕೆ.

ಮೂರನೆಯ ಮಂಗಳವಾರ ಆರತಿಯಾದ ಮೇಲೆ ಅಜ್ಜ ಮಾಡದ ಮುಂದೆ ಬಂದು ನಿಂತು, "ಭಾಳ ಚೆಂದ ಮಾಡೀದಿ ಕೂಸ" ಎಂದು ಗುಳ್ಳವ್ವನ ಭುಜ ಮುಟ್ಟಿದ. ಮುಟ್ಟಿದ ಬೆರಳು ಒಳಗೆ ಹೋಯಿತು. ಬೆರಳು ಮೂಸಿ ನೋಡಿಕೊಂಡ. ನಗು ಹೋಗಿಬಿಟ್ಟಿತ್ತು.

"ಇದು ಎಲ್ಲೀ ಮಣ್ಣು ಯವ್ವಾ?"

"ಕೆರಿ ದಂಡೀದು."

"ಊರಾಗಿನ ಕೆರಿ ಒಣಗಿ ಹುಡುಗರು ಗೋಲಿ ಆಡಾಕ ಹತ್ಯಾರ."

"ಬಾವೀದು."

"ಬಾವ್ಯಾಗ ಇಳದಿದ್ದೇನು?"

ಅಳುತ್ತ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಅಜ್ಜ ಹೆಂಟೆ ಸರಿಸಿ, ಬಾರಕೋಲಿನ ತುದಿಯಿಂದ ಕೆರೆದ. ದಾರದೆಳೆಯಂಥ ನೀರು ಎದ್ದು ಬಂತು. ಅವನು ನನ್ನನ್ನು ಬೈಯಲಿಲ್ಲ. ಇವತ್ತಿಗೂ ಅದೇ ಚುಚ್ಚುತ್ತದೆ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಒಂದು ಗಂಗಾಳ ತೊಗೊಂಡ ಬಾ" ಎಂದ, ಅಷ್ಟೇ.

ಅಂದಿನಿಂದ ಮನೆಯಲ್ಲಿ ಹೊಸದೊಂದು ಪೂಜೆ ಶುರುವಾಯಿತು. ಆ ದಾರದೆಳೆಯ ನೀರನ್ನು ಸಂಜೆ ಕಂಚಿನ ಗಂಗಾಳದಲ್ಲಿ ಹಿಡಿದು ತಂದು ಪಡಸಾಲೆಯ ಮೂಲೆಯಲ್ಲಿಡುವುದು ನನ್ನ ಕೆಲಸ, ಯಾರೂ ಅಲುಗಿಸಬಾರದು. ಬೆಳಿಗ್ಗೆ ಅಜ್ಜ ನೀರು ಮೆಲ್ಲಗೆ ಬಸಿದು ತಳ ನೋಡುವನು. "ತಿಳಿ ನೀರು ಬಂದ್ರ ಒಡ್ಡು ಬೆವತೈತಿ ಅಂತ ತಿಳಿ. ರಾಡಿ ಬಂದ್ರ ಕರಗಾಕ ಹತ್ತೈತಿ" ಎಂದು ನನಗೆ ಕಲಿಸಿದ. ಮೊದಲು ಎರಡು ದಿನ ತಳ ಫಳಫಳ ಅನ್ನುತ್ತಿತ್ತು. ಮೂರನೆಯ ದಿನ ಒಂದು ತೆಳು ಮಬ್ಬು. ಆಮೇಲೆ ಬೆರಳಿನಿಂದ ಗೆರೆ ಎಳೆಯುವಷ್ಟು ಮಣ್ಣು.

ಅಜ್ಜ ತಲೆಗೆ ಪಟಗಾ ಸುತ್ತಿಕೊಂಡು ಕಚೇರಿಗೆ ಹೋದ. ಬಸ್ಸು ಹಿಡಿಯಲು ಹರದಾರಿ ನಡೆಯಬೇಕು. ಮೊದಲ ಸಲ, ಈ ಒಡ್ಡು ನಮ್ಮ ಕಚೇರಿಗೆ ಬರುವುದಿಲ್ಲ ಎಂದರಂತೆ. ಬೇರೊಂದು ಕಚೇರಿಗೆ ಹೋದರೆ ಸಾಹೇಬರು ಇಲ್ಲ. ಮೂರನೆಯ ಸಲ ಒಬ್ಬ ಗುಮಾಸ್ತ ಪುಣ್ಯಾತ್ಮ ಕೂರಿಸಿ, ಚಹಾ ಕುಡಿಸಿ ಹೇಳಿದನಂತೆ:

"ಒಡ್ಡು ಒಡದೈತೇನಜ್ಜಾ? ಇಲ್ಲಲ್ಲ? ಒಡದ ಮ್ಯಾಲೆ ಬಾ, ಪಂಚನಾಮೆ ಮಾಡೂಣಂತ."

ಅಜ್ಜ ಇದನ್ನು ಊಟಕ್ಕೆ ಕುಳಿತಾಗ ಹೇಳಿದ. ಹೇಳಿ ನಗಲು ನೋಡಿದ, ಆಗದೆ ಅಪ್ಪನ ಕಡೆ ತಿರುಗಿದ. ಅಪ್ಪ ರೊಟ್ಟಿ ಮುರಿಯುತ್ತಿದ್ದ.

"ಕಲ್ಲು ತಗದಬಿಡೂಣು ಮಲ್ಲ್ಯಾ. ಮತ್ತೊಂದು ಮಳಿ ಬಂತಂದ್ರ ಅದು ತಡಿಯೂದಿಲ್ಲ."

"ಉಳ್ಳಾಗಡ್ಡಿ ಸಸಿ ನಾಟಿ ಎಂಟ ದಿನ ಆಗೈತಿ. ಈಗ ನೀರು ಬಿಟ್ರ ನಾ ಏನು ಮಾಡ್ಲಿ? ಊರ ಮಂದಿಗೆ ಏನು ಹೇಳ್ಲಿ? ನಮ್ಮಪ್ಪಗ ಗುಳ್ಳವ್ವ ಬಂದ ಹೇಳಿದ್ಲು ಅನ್ಲೇನು?"

"ಗುಳ್ಳವ್ವ ಹೇಳಿಲ್ಲ, ಗಂಗಾಳ ಹೇಳಾಕ ಹತ್ತೈತಿ. ನೋಡು ಬಾ."

ಅಪ್ಪ ಎದ್ದ. ಮೂಲೆಯಲ್ಲಿದ್ದ ಗಂಗಾಳವನ್ನು ಎತ್ತಿ, ನೋಡದೆಯೇ ಅಂಗಳಕ್ಕೆ ಚೆಲ್ಲಿದ. "ಉಣ್ಣೂ ಗಂಗಾಳದಾಗ ಹಳ್ಳದ ರಾಡಿ ತುಂಬಿ ಕುಂತ್ರ ಮನಿ ಉದ್ಧಾರ ಆಕ್ಕೈತಿ!" ಎಂದು ಅದನ್ನು ಬಡಿದು ಇಟ್ಟು ಕೈತೊಳೆಯಲು ಹೋದ. ಅವ್ವ ಇಷ್ಟು ದಿನ ಈ ಜಗಳದಲ್ಲಿ ಯಾರ ಕಡೆಗೂ ಮಾತಾಡಿರಲಿಲ್ಲ. ತೊಳೆಯಲೆಂದು ಗಂಗಾಳ ಎತ್ತಿಕೊಂಡಳು. ತಳಕ್ಕೆ ಕಚ್ಚಿಕೊಂಡಿದ್ದ ಮಣ್ಣನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು, ಒಂದು ಸಲ ನನ್ನ ಕಡೆ, ತೊಟ್ಟಿಲಲ್ಲಿದ್ದ ತಮ್ಮ ಬಸುವಿನ ಕಡೆ ನೋಡಿದಳು. ಗಂಗಾಳ ತೊಳೆಯದೆ ಒಲೆಯ ಪಕ್ಕ ಇಟ್ಟಳು.

ಮರುದಿನ ಅಪ್ಪ ಗೊಬ್ಬರ ತರಲು ಲಕ್ಷ್ಮೇಶ್ವರಕ್ಕೆ ಹೋದ. ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಅವ್ವ ಹಿತ್ತಲಿಗೆ ಹೋಗಿ ಗುಡ್ಡದ ಕಡೆ ನೋಡಿ ಬಂದಳು. ಹಿಟ್ಟಿನ ಕೈಯಲ್ಲೇ ಕಂಬದ ಮುಂದೆ ನಿಂತಳು.

"ಮಾವಾರ, ಗುಡ್ಡದ ಮ್ಯಾಲೆ ಮೋಡ ಕಟ್ಟೇತ್ರಿ. ಏಳ್ರಿ, ಎತ್ತು ಬಿಚ್ಚತೀನಿ."

"ನೊಗಾ ಎತ್ತಾಕ ನನ್ನ ಕೈಲೆ ಆಗೂದಿಲ್ಲ ಬೇ ಯವ್ವಾ."

"ನಾ ಎತ್ತತೀನಿ. ನೀವು ಹೂಡ್ರಿ."

ನಮ್ಮ ಮನೆಯಲ್ಲಿ ಹೆಂಗಸರು ನೊಗ ಮುಟ್ಟುವ ಪದ್ಧತಿ ಇರಲಿಲ್ಲ. ಅಜ್ಜ ಅವಳನ್ನೇ ನೋಡಿದ.

"ಊರಾಗ ಏನಂದಾರು?"

"ಅನ್ನಾಕ ಊರು ಉಳೀಬೇಕಲ್ರಿ."

ಒಡ್ಡಿನ ನೆತ್ತಿಯಲ್ಲಿ ಎತ್ತುಗಳನ್ನು ನಿಲ್ಲಿಸಿ ಸರಪಳಿಗೆ ಹೂಡಿದರು. ಅವ್ವ ಸೆರಗು ಸೊಂಟಕ್ಕೆ ಬಿಗಿದು ಎತ್ತಿನ ಮಗ್ಗುಲಲ್ಲಿ ನಡೆದಳು, ಅಜ್ಜ ಬಾರಕೋಲು ಹಿಡಿದ. ಮೊದಲನೆಯ ಎಳೆತಕ್ಕೆ ಎತ್ತು ಮೊಣಕಾಲೂರಿದವು. ಎರಡನೆಯದಕ್ಕೆ ಸರಪಳಿ ಕಿರ್ ಎಂದಿತು. ಮೂರನೆಯದಕ್ಕೆ ನೀರಿನ ಕೆಳಗೆ ಏನೋ ಮಗ್ಗಲು ಬದಲಿಸಿದಂತಾಗಿ, ಮಣ್ಣಿನ ಚೀಲಗಳು ತೂಬಿನೊಳಗೆ ನುಗ್ಗಿ ಒಡ್ಡಿನ ಆಚೆ ಕಡೆ ಗುಂಡು ಹಾರಿದ ಹಾಗೆ ಬಿದ್ದವು. ಹಿಂದೆಯೇ ಕೆಂಪು ನೀರು. ಸದ್ದು ಕೇಳಿ ಓಡಿಬಂದ ಗುರುಸಿದ್ದ ಕಾಕಾ ಈ ಸಲ ಚೇಷ್ಟೆ ಮಾಡಲಿಲ್ಲ.

"ಮುದುಕಾ, ಊರಿನ ನೀರು ಚೆಲ್ಲಿಬಿಟ್ಯಲ್ಲೋ!"

ಸಂಜೆಗೆ ಬಂದ ಅಪ್ಪ ಹಳ್ಳ ಹರಿಯುವುದನ್ನು ದೂರದಿಂದಲೇ ನೋಡಿದ್ದ. ಬಂದವನೇ ಎತ್ತುಗಳ ಮೊಣಕಾಲಿಗೆ ಎಣ್ಣೆ ಹಚ್ಚಿದ. ಆ ಮಳೆಗಾಲ ಪೂರ್ತಿ ಅವನು ಅವ್ವನ ಕೈಯಿಂದ ರೊಟ್ಟಿ ಇಸಿದುಕೊಳ್ಳುತ್ತಿದ್ದ, ಮುಖ ನೋಡುತ್ತಿರಲಿಲ್ಲ.

ಅಂದು ಕಟ್ಟಿದ್ದ ಮೋಡ ಗಾಳಿಗೆ ಹಾರಿಹೋಯಿತು. ದೊಡ್ಡ ಮಳೆ ಬಂದದ್ದು ಎಷ್ಟೋ ದಿನದ ಮೇಲೆ. ಬಂದಾಗ ಹಳ್ಳ ಒಡ್ಡಿನ ಎದೆಯ ತನಕ ಏರಿತು, ತೆರೆದ ತೂಬಿನಿಂದ ಆರು ದಿನ ಹರಿದು ಇಳಿಯಿತು. ಒಡ್ಡು ಅಲುಗಲಿಲ್ಲ. ಅಜ್ಜ ಗೆದ್ದ ಎಂದು ನಾನು ಕುಣಿದೆ. ಆದರೆ ಊರು ಲೆಕ್ಕ ಹಾಕಿದ್ದೇ ಬೇರೆ: ಇಷ್ಟು ಮಳೆಗೂ ಒಡೆಯದ್ದು ಆವಾಗ ಒಡೆಯುತ್ತಿತ್ತೇ? ಸುಮ್ಮನೆ ನೀರು ಹಾಳುಮಾಡಿದ. ಅಪ್ಪನ ಉಳ್ಳಾಗಡ್ಡಿ ಅರ್ಧ ಒಣಗಿತು. ಅಜ್ಜನಿಗೆ ನೀರ್ಚೆಲ್ಲಿ ಎಂದು ಹೆಸರು ಬಿತ್ತು. ನಾನು ಶಾಲೆಗೆ ಹೋದರೆ ನೀರ್ಚೆಲ್ಲಿಯ ಮೊಮ್ಮಗಳು. ಒಡ್ಡು ಒಡೆದಿದ್ದರೆ ಅವನ ಮಾತು ಖರೆ ಎಂದು ಎಲ್ಲರೂ ಒಪ್ಪುತ್ತಿದ್ದರು, ಒಪ್ಪಲಿಕ್ಕೆ ಯಾರಾದರೂ ಉಳಿದಿದ್ದರೆ. ಒಡೆಯದಂತೆ ನೋಡಿಕೊಂಡವನ ಬಳಿ ತೋರಿಸಲಿಕ್ಕೆ ಏನಿತ್ತು? ನನ್ನ ಗುಳ್ಳವ್ವನನ್ನೂ ಆಷಾಢದ ಕೊನೆಯ ಮಂಗಳವಾರ ಹೊಲಕ್ಕೆ ಒಯ್ದು ಬಿಟ್ಟು ಬಂದಿದ್ದೆ. ಕೊನೆಕೊನೆಗೆ ಅಜ್ಜನಿಗೇ ತನ್ನ ಮೇಲೆ ಅನುಮಾನ ಬಂತೇನೋ. ಹಾಸಿಗೆ ಹಿಡಿದ ಮೇಲೆ ನನ್ನನ್ನು ಹತ್ತಿರ ಕರೆದು ಕೇಳುವನು:

"ನೀಲಿ, ಆ ಮಣ್ಣು ಹಸಿ ಇತ್ತಲ್ಲ?"

"ಇತ್ತಜ್ಜಾ. ಬೆರಳು ಊರಿದ್ರ ಒಳಗ ಹೋಗ್ತಿತ್ತು."

"ಹಾಂ" ಎಂದು ಕಣ್ಣು ಮುಚ್ಚುವನು. ಮರುದಿನ ಮತ್ತೆ ಅದೇ ಪ್ರಶ್ನೆ. ಬೇಸರವಿಲ್ಲದೆ ಉತ್ತರ ಹೇಳುವುದನ್ನು ನಾನು ಕಲಿತದ್ದು ಆಗ. ಮುಂದೆ ಮೂವತ್ತು ವರ್ಷ ಮಾಸ್ತರಿಕೆ ಮಾಡಿದ್ದೂ ಅದೇ ಬಲದ ಮೇಲೆ.

ನಾನೀಗ ನಿವೃತ್ತಿಯಾಗಿ ಬೆಟಗೇರಿಯಲ್ಲಿದ್ದೇನೆ. ಆ ಮನೆಯಲ್ಲಿ ತಮ್ಮ ಬಸು, ಅವನ ಹೆಂಡತಿ, ಮಕ್ಕಳು, ಮೊಮ್ಮಗು ಇದ್ದಾರೆ. ಹಿತ್ತಲಿಗೆ ಬಿಸಿಲು ಈಗಲೂ ತಡವಾಗಿಯೇ ಬರುತ್ತದೆ. ಈ ಆಷಾಢದಲ್ಲಿ ಹೋದಾಗ ಒಡ್ಡಿನ ಹಿಂದೆ ನೀರು ನಿಂತಿತ್ತು. ತೂಬಿಗೆ ಈಗ ರೋಣಗಲ್ಲಲ್ಲ, ಸಿಮೆಂಟು. ಎತ್ತು ಹೂಡಿ ಎಳೆಯುವ ಹಾಗಿಲ್ಲ, ಎಳೆಯಲಿಕ್ಕೆ ಮನೆಯಲ್ಲಿ ಎತ್ತೂ ಇಲ್ಲ. ಹಿತ್ತಲ ಆಚೆ ಹೋಗಿ, ಜಾಲಿಯ ಮೋಟು ಇದ್ದ ಕಡೆ ಬಗ್ಗಿ ಬೆರಳು ಊರಿದೆ. ತಂಪಾಗಿ ಒಳಗೆ ಹೋಯಿತು. ಬಸು ಕೇಳಿ ನಕ್ಕ. "ಅಕ್ಕಾ, ನೀನೂ ಅಜ್ಜನಂಗ ಆಗಾಕ ಹತ್ತೀದಿ ನೋಡು. ಬೋರಿನ್ಯಾಗ ನೀರು ಬಂದಾವು, ಸುಮ್ಮನಿರು."

ನಾಲ್ಕು ಸಲ ಕಚೇರಿಗೆ ಹೋದೆ. ಈಗಿನ ಎಂಜಿನಿಯರು ಸಣ್ಣ ವಯಸ್ಸಿನ ಸಭ್ಯ ಹುಡುಗ. ಎದ್ದು ನಿಂತು ಕುರ್ಚಿ ಕೊಡುತ್ತಾನೆ. "ಒಡ್ಡು ಏನರ ಒಡದೈತೇನ್ರಿ ಅಕ್ಕಾರ?" ಎಂದು ಅವನೂ ಕೇಳಿದ. "ಫೋಟೋ ಕಳಸ್ರಿ" ಎಂದ. ಕಳಿಸಿದೆ. ಫೋಟೋದಲ್ಲಿ ಒಣಹುಲ್ಲು ಮತ್ತು ಒಂದು ಕಪ್ಪು ಕಲೆ. "ಇದರಾಗ ಏನೂ ಕಾಣಸೂದಿಲ್ರಿ" ಎಂದ, ಅದೂ ಖರೆ.

ಐದನೆಯ ಸಲ ಹೋದದ್ದು ಮಂಗಳವಾರ. ಬೆಳಿಗ್ಗೆ ಊರಿಗೆ ಹೋಗಿ ಆ ಮಣ್ಣು ತೆಗೆದು, ಒಂದು ಹನಿ ನೀರೂ ಹಾಕದೆ, ಎಷ್ಟೋ ವರ್ಷದ ಮೇಲೆ ಗುಳ್ಳವ್ವನನ್ನು ಮಾಡಿದೆ. ಕೈ ಮರೆತಿರಲಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದೆ. ಕುಲುಕಾಟಕ್ಕೆ ಅವಳು ಒಂದು ಕಡೆ ವಾಲಿದ್ದಳು. ಎಂಜಿನಿಯರಿನ ಟೇಬಲ್ಲಿನ ಮೇಲೆ, ತೆರೆದಿಟ್ಟ ಫೈಲಿನ ನಡುವೆ ಅವಳನ್ನು ಕೂರಿಸಿದೆ. ಕಾಗದಕ್ಕೆ ಮೆಲ್ಲಗೆ ಒಂದು ಒದ್ದೆ ಚಕ್ರ ಹರಡತೊಡಗಿತು. ಪಕ್ಕದಲ್ಲಿದ್ದ ಗುಮಾಸ್ತ ಹಾರಿ ಎದ್ದ.

"ಅಕ್ಕಾರ, ಜಲ್ದಿ ತಗೀರಿ! ಫೈಲು ತೊಯ್ಯಾಕ ಹತ್ತೇತ್ರಿ!"

"ತೋಯ್ಲಿ ಬಿಡ್ರಿ" ಎಂದೆ. "ಇದು ಎಲ್ಲೀ ಮಣ್ಣು ಅಂತ ಮೊದಲ ಕೇಳ್ರಿ."

ಇಬ್ಬರೂ ಕೇಳಲಿಲ್ಲ. ಗುಮಾಸ್ತ ಒರೆಸಲು ಅರಿವೆ ಹುಡುಕುತ್ತ ಒಳಗೆ ಹೋದ, ಎಂಜಿನಿಯರು ಗುಳ್ಳವ್ವನ ಕೆಳಗಿನಿಂದ ಕಾಗದ ಎಳೆದುಕೊಳ್ಳಲು ನೋಡುತ್ತಿದ್ದ. ನಾನು ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕುಳಿತೆ.